ಮೊಮ್ಮಗಳ ಕಿವಿ, ರಾಚಮ್ಮನ ಅನುಮಾನ

ರಾಚಮ್ಮ ಯಾರನ್ನೂ ಒಂದೇ ಸಲಕ್ಕೆ ನಂಬಿದವಳಲ್ಲ. ಗುರುಪುರದ ಪಕ್ಕದ ಹಳ್ಳಿಯಲ್ಲಿ ಕೂಲಿಗೆ ಹೋಗಿ ಹೊಗೆಸೊಪ್ಪು ವಿಂಗಡಿಸುತ್ತಿದ್ದಳು. ಮೇಲೆ ಚಿನ್ನದ ಬಣ್ಣದ ಎಲೆ, ಒಳಗೆ ಕರಿ ಎಲೆ ತುರುಕಿದ ಕಟ್ಟುಗಳನ್ನು ನೋಡಿ ನೋಡಿ ಅವಳ ಸ್ವಭಾವವೇ ಹಾಗಾಗಿತ್ತು. ಮನುಷ್ಯರನ್ನೂ ಬಿಚ್ಚಿ ನೋಡದೆ ಒಪ್ಪುತ್ತಿರಲಿಲ್ಲ.

ಮಗಳು ಪವಿತ್ರಾ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಹುಣಸೂರಿನ ಆಸ್ಪತ್ರೆಯಲ್ಲಿ ಹೆಣ್ಣು ಕೂಸಾಯಿತು. ಮಾರನೆಯ ದಿನ ಅಲ್ಲಿ ಮಕ್ಕಳ ಕಿವಿ ಪರೀಕ್ಷಿಸುವ ಸೌಂದರ್ಯ ಎಂಬ ಹುಡುಗಿ ಅಂಗೈಯಗಲದ ಮಿಷನ್ ಒಂದನ್ನು ತಂದು, ನಿದ್ದೆಯಲ್ಲಿದ್ದ ಕೂಸಿನ ಕಿವಿಗೆ ಮೆತ್ತನೆಯ ಬಿರಡೆಯಂಥದ್ದನ್ನು ಇಟ್ಟಳು. ಒಂದು ಕಿವಿ ಆಯಿತು, ಇನ್ನೊಂದಾಯಿತು, ಮತ್ತೆ ಮೊದಲನೆಯದಕ್ಕೇ ಬಂದಳು.

"ಕೇಳಿಸ್ತಿಲ್ಲ ಅಂತ ತೋರಿಸ್ತಿದೆ. ಆಗ ತಾನೇ ಹುಟ್ಟಿದ ಮಕ್ಕಳ ಕಿವೀಲಿ ನೀರಿದ್ರೂ ಹೀಗೆ ತೋರಿಸುತ್ತೆ ಅಮ್ಮ. ಇನ್ನೊಂದು ಸಲ ನೋಡ್ಬೇಕು, ಕರ್ಕೊಂಡು ಬನ್ನಿ," ಅಂದಳು.

ರಾಚಮ್ಮನಿಗೆ ತಮ್ಮ ದಾಸಯ್ಯ ನೆನಪಾದ. ಅವನಿಗೆ ಹುಟ್ಟಿನಿಂದಲೇ ಕಿವಿ ಕೇಳದು, ಮಾತೂ ಇಲ್ಲ. ಪವಿತ್ರಾಳ ಮದುವೆ ಮಾತುಕತೆಯ ದಿನ ಕೃಷ್ಣರಾಜನಗರದ ಬೀಗಿತ್ತಿ ವಿಮಲಮ್ಮ ಅವನನ್ನು ಮೇಲಿಂದ ಕೆಳಕ್ಕೆ ನೋಡಿ, "ಇದು ನಿಮ್ಮ ವಂಶದಲ್ಲಿದೆಯಾ?" ಎಂದು ಕೇಳಿದ್ದರು. "ಇಲ್ಲ ಕಣ್ರೀ, ಚಿಕ್ಕಂದಿನಲ್ಲಿ ಜ್ವರ ಬಂದು ಅಂಗಾಯ್ತು," ಎಂದು ರಾಚಮ್ಮ ಬಾಯಿಗೆ ಬಂದ ಸುಳ್ಳು ಹೇಳಿದ್ದಳು. ಈಗ ಕೂಸಿಗೂ ಹಾಗೇ ಅಂದರೆ ಆ ಸುಳ್ಳಿನ ಗತಿಯೇನು, ಮಗಳ ಬಾಳಿನ ಗತಿಯೇನು?

ಈ ಮಿಷನ್ನಿನವರನ್ನು ನಂಬದಿರಲು ಇನ್ನೊಂದು ಕಾರಣವೂ ಇತ್ತು. ಹಿಂದೊಮ್ಮೆ ಯಾರೋ ಬಂದು ಕ್ಯಾಂಪ್ ಮಾಡಿ, ದಾಸಯ್ಯನ ಕಿವಿಗೊಂದು ಮಿಷನ್ ಸಿಕ್ಕಿಸಿ, ಪಕ್ಕದಲ್ಲಿ ನಿಂತು ಫೋಟೊ ಹೊಡೆಸಿಕೊಂಡು ಹೋಗಿದ್ದರು. ಬ್ಯಾಟರಿ ಮುಗಿದ ಮೇಲೆ ಕೇಳೋಣವೆಂದರೆ ಅವರ ಹೆಸರೂ ಯಾರಿಗೂ ಗೊತ್ತಿರಲಿಲ್ಲ.

ಮನೆಗೆ ಬಂದವಳೇ ರಾಚಮ್ಮ ಕೂಸಿನ ಮುಂದೆ ತಟ್ಟೆ ಬಡಿದಳು. ಕೂಸು ಕಣ್ಣು ಪಿಳುಕಿಸಿತು. "ನೋಡ್ದಾ, ಕೇಳ್ತದೆ. ಆಸ್ಪತ್ರೆ ಮಾತು ಬುಟ್ಬುಡು," ಅಂದಳು. ಪವಿತ್ರಾ ಕೂಸನ್ನು ಎತ್ತಿಕೊಂಡು ಒಳಗೆ ಹೋದಳು.

ಕೆಲವು ವಾರ ಕಳೆದಿರಬಹುದು, ಮನೆಯ ಫೋನು ಹೊಡೆದುಕೊಂಡಿತು. ರಾಚಮ್ಮ ಎತ್ತಿದಳು.

"ನಾನು ಪಿರಿಯಾಪಟ್ಟಣದಿಂದ ಯಶೋಧರಾ ಅಂತ. ಕಿವಿ ಕೇಳದ ಪುಟ್ಟ ಮಕ್ಕಳಿಗೆ ಕಲಿಸೋ ಕೇಂದ್ರದವಳು. ಪವಿತ್ರಾ ಅವರ ಪಾಪೂನ ಎರಡನೇ ಸಲ ಆಸ್ಪತ್ರೆಗೆ ಕರ್ಕೊಂಡು ಬರಲಿಲ್ಲವಂತೆ..."

"ರಾಂಗ್ ನಂಬರು," ಎಂದು ರಾಚಮ್ಮ ಕಟ್ ಮಾಡಿದಳು.

ಆಮೇಲೆ ತಲೆಯಲ್ಲಿ ಹುಳ ಕೊರೆಯತೊಡಗಿತು. ಹುಣಸೂರಿನಲ್ಲಿ ಹುಟ್ಟಿದ ಕೂಸಿನ ಸುದ್ದಿ ಪಿರಿಯಾಪಟ್ಟಣದವಳಿಗೆ ಹೇಗೆ ಮುಟ್ಟಿತು? ಇವತ್ತು ಪಿರಿಯಾಪಟ್ಟಣಕ್ಕೆ ಹೋದ ಸುದ್ದಿ ನಾಳೆ ಬೀಗರ ಬಾಗಿಲಿಗೆ ಹೋಗುವುದಿಲ್ಲ ಎಂದು ಏನು ಖಾತ್ರಿ?

ಮುಂದಿನ ವಾರ ಸೌಂದರ್ಯಳೂ ಯಶೋಧರಾಳೂ ಒಟ್ಟಿಗೇ ಬಾಗಿಲಿಗೆ ಬಂದರು. ರಾಚಮ್ಮ ಹೊಸ್ತಿಲಲ್ಲೇ ನಿಂತಳು.

"ಇವಳು ಆಸ್ಪತ್ರೆಯೋಳು, ಗೊತ್ತು. ನೀವ್ಯಾರು? ನಮ್ಮ ಮನೆ ವಿಷಯ ಹಂಚ್ಕೊಳಕೆ ನಿಮಗೆ ಏಳ್ದೋರ್ಯಾರು?"

ಸೌಂದರ್ಯ ಬಾಯಿ ತೆರೆಯುವ ಮೊದಲೇ ಒಳಗಿನಿಂದ ಪವಿತ್ರಾಳ ದನಿ ಬಂತು. "ನಾನೇ ಕಣವ್ವ. ಆಸ್ಪತ್ರೇಲಿ ನೀನು ಬಿಸಿನೀರಿಗೆ ಹೋಗಿದ್ದಾಗ ಕೇಳಿದ್ರು, ಆ ಮೇಡಂಗೆ ತಿಳಿಸ್ಲಾ ಅಂತ. ಹ್ಞೂಂ ಅಂದೆ. ನಂಬರೂ ನಾನೇ ಕೊಟ್ಟೆ."

ರಾಚಮ್ಮ ಮಗಳ ಮುಖ ನೋಡಿದಳು. ಹೊರಗಿನವರು ಬಾರದಂತೆ ಕಾಯುತ್ತ ಕೂತವಳಿಗೆ ಒಳಗೇ ಬಾಗಿಲು ತೆರೆದಿದ್ದದ್ದು ಗೊತ್ತಾಗಿರಲಿಲ್ಲ. "ಇವತ್ತು ಆಗಲ್ಲ, ಓಗಿ ಬನ್ನಿ," ಎಂದು ಇಬ್ಬರನ್ನೂ ಕಳಿಸಿಬಿಟ್ಟಳು.

ಆ ಸಂಜೆ ಹಟಕ್ಕೆ ಬಿದ್ದವಳಂತೆ ಮತ್ತೆ ತಟ್ಟೆ ತಂದಳು. ಮೂಲೆಯಲ್ಲಿ ಕೂತಿದ್ದ ದಾಸಯ್ಯ ಎದ್ದು ಬಂದು ಅವಳ ಕೈ ಹಿಡಿದುಕೊಂಡ. ಅವಳ ಕಣ್ಣು ಮುಚ್ಚಿಸಿದ. ಮುಖದ ಹತ್ತಿರ ತಟ್ಟೆ ಬೀಸಿದ. ಗಾಳಿ ರೆಪ್ಪೆಗೆ ತಗುಲಿತು. ಅವಳ ಅಂಗೈಯನ್ನು ಮಂಚದ ಪಟ್ಟಿಯ ಮೇಲೆ ಇಡಿಸಿ, ಮಂಚದ ಕಾಲನ್ನು ಒದ್ದ. ಅದುರು ಕೈಗೆ ಬಂತು. ಆಮೇಲೆ ಕೂಸನ್ನು ತೋರಿಸಿ, ತನ್ನ ಎದೆ ಮುಟ್ಟಿಕೊಂಡು, ತಲೆಯಾಡಿಸಿದ. ಅದೂ ನನ್ನಂತೆಯೇ ಎಂದು.

ಕೂಸು ನಿದ್ದೆ ಹೋದ ಮೇಲೆ ರಾಚಮ್ಮ ಹಿಂದೆ ನಿಂತು, ಮಂಚ ಮುಟ್ಟದೆ, ಜೋರಾಗಿ ಕೂಗಿದಳು. ಪಕ್ಕದ ಮನೆಯವರು ಏನಾಯಿತೆಂದು ಇಣುಕಿದರು. ಕೂಸು ಮಿಸುಕಲಿಲ್ಲ.

ಕೂಸಿನ ಮೇಲಿನ ಅನುಮಾನ ಹೋಯಿತು, ಕೇಂದ್ರದವರ ಮೇಲಿನದು ಹೋಗಲಿಲ್ಲ. ಪವಿತ್ರಾಗೆ ಸಂತೆಗೆಂದು ಹೇಳಿ ಪಿರಿಯಾಪಟ್ಟಣದ ಬಸ್ಸು ಹತ್ತಿದಳು. ಕೇಂದ್ರವೆಂದರೆ ಚಾಪೆ ಹಾಸಿದ ಎರಡು ಕೋಣೆ. ಮಗು ಯಾವುದೂ ಇಲ್ಲದೆ ಬಂದ ಹೆಂಗಸನ್ನು ಯಾರೂ ತಡೆಯಲಿಲ್ಲ. ಕಿಟಕಿ ಪಕ್ಕ ಕೂತು ನೋಡಿದಳು. ಒಬ್ಬ ತಾಯಿ ತನ್ನ ಮಗುವಿಗೆ ಬಾಳೆಹಣ್ಣು ಸುಲಿಯುತ್ತ, ಸುಲಿಯುವುದನ್ನೇ ಮಾತಾಗಿ ಹೇಳುತ್ತಿದ್ದಳು. ಯಶೋಧರಾ ಪಕ್ಕದಲ್ಲಿ ಕೂತು ಆ ತಾಯಿಯನ್ನೇ ತಿದ್ದುತ್ತಿದ್ದಳು. ಯಾರೂ ಫೋಟೊ ಹೊಡೆಯಲಿಲ್ಲ.

ಪಾಠ ಮುಗಿದ ಮೇಲೆ ರಾಚಮ್ಮ ಕೂತಲ್ಲಿಂದಲೇ ಕೇಳಿದಳು. "ಕಿವಿ ಮಿಷನ್ನು ಕೊಟ್ಟು ಓಗ್ಬುಡ್ತೀರ. ಬ್ಯಾಟ್ರಿ ಮುಗುದ್ರೆ?"

"ಇಲ್ಲಿಗೆ ತನ್ನಿ. ನೀವು ಬರದಿದ್ರೆ ನಾವು ಬರ್ತೀವಿ, ನೀವು ರಾಂಗ್ ನಂಬರ್ ಅಂದ್ರೂ," ಅಂದಳು ಯಶೋಧರಾ. ಹೊಸ್ತಿಲಲ್ಲಿ ಕಂಡವಳೇ ಫೋನು ಕಟ್ ಮಾಡಿದವಳೂ ಎಂದು ದನಿಯಿಂದಲೇ ಗುರುತು ಹಿಡಿದಿದ್ದಳು. "ಆದ್ರೆ ಮಿಷನ್ ಹಾಕಿದ ಕೂಡ್ಲೇ ಮಾತು ಬರುತ್ತೆ ಅಂತ ನಾನು ಹೇಳಲ್ಲ ಅಮ್ಮ. ಮನೇಲಿ ನೀವು ಮಾತಾಡ್ತಾನೇ ಇರ್ಬೇಕು. ಎಷ್ಟು ಬರುತ್ತೆ ಅಂತ ಈಗ ಹೇಳೋಕೂ ಆಗಲ್ಲ."

ಬರುತ್ತೆ ಅಂದಿದ್ದರೆ ರಾಚಮ್ಮ ಎದ್ದು ಬರುತ್ತಿದ್ದಳೇನೋ. ಗೊತ್ತಿಲ್ಲ ಅಂದದ್ದಕ್ಕೆ ಇನ್ನೂ ಸ್ವಲ್ಪ ಹೊತ್ತು ಕೂತಳು.

ಹುಣಸೂರಿನಲ್ಲಿ ಎರಡನೇ ಪರೀಕ್ಷೆಯೂ ಹಾಗೇ ಆಯಿತು. ಮೈಸೂರಿನಲ್ಲಿ ಕೂಸಿನ ಹಣೆಗೆ ತಂತಿ ಅಂಟಿಸಿ ನೋಡಿ, ಎರಡೂ ಕಿವಿಗೆ ಮಿಷನ್ ಬೇಕೆಂದರು. ಮಿಷನ್ ಹಾಕಿಸುವ ಮೊದಲು ಬೀಗರಿಗೆ ಹೇಳಬೇಕಿತ್ತು. ರಾಚಮ್ಮ ತಾನೇ ಕೃಷ್ಣರಾಜನಗರಕ್ಕೆ ಹೋದಳು.

"ಆವತ್ತೇ ಕೇಳಿರಲಿಲ್ವಾ ನಾನು?" ಅಂದರು ವಿಮಲಮ್ಮ.

"ಕೇಳಿದ್ರಿ. ನಾನು ಸುಳ್ಳು ಏಳ್ದೆ."

ವಿಮಲಮ್ಮ ಒಳಕ್ಕೆ ಹೋಗಿ ಬಾಗಿಲು ಹಾಕಿಕೊಂಡರು. ಅಳಿಯ ಕಿರಣ್‌ಕುಮಾರ್ ಮಾತ್ರ ಚಪ್ಪಲಿ ಮೆಟ್ಟಿ, "ಮಿಷನ್ ಯಾವತ್ತು ಹಾಕ್ತಾರೆ ಅತ್ತೆ? ನಾನೂ ಬತ್ತೀನಿ," ಅಂದ. ಬಸ್ ಸ್ಟ್ಯಾಂಡ್‌ವರೆಗೂ ಜೊತೆಗೆ ನಡೆದ. ವಿಮಲಮ್ಮ ಮೊಮ್ಮಗಳನ್ನು ಎತ್ತಿಕೊಳ್ಳಲು ಒಂದು ವರ್ಷವೇ ಹಿಡಿಯಿತು.

ಈಗ ಮೊಮ್ಮಗಳು ಚಿನ್ನುವಿಗೆ ಎರಡು ವರ್ಷ ತುಂಬುತ್ತಿದೆ. ವಾರಕ್ಕೊಮ್ಮೆ ಪವಿತ್ರಾ ಕೃಷ್ಣರಾಜನಗರದಿಂದ, ರಾಚಮ್ಮ ಗುರುಪುರದ ಕಡೆಯಿಂದ ಬಂದು ಪಿರಿಯಾಪಟ್ಟಣದಲ್ಲಿ ಕೂಡುತ್ತಾರೆ. ಕೇಂದ್ರಕ್ಕೆ ಹೊಸಬರು ಯಾರು ಬಂದರೂ ರಾಚಮ್ಮ ಅವರ ಊರು, ಓದು, ಎಷ್ಟು ದಿನ ಇರುತ್ತೀರಿ ಎಂಬುದನ್ನೆಲ್ಲ ವಿಚಾರಿಸದೆ ಮಗುವನ್ನು ಕೊಡುವುದಿಲ್ಲ.

ಚಿನ್ನುವಿನ ಮೊದಲ ಮಾತು ಅವ್ವ ಅಂತಲೂ ಅಲ್ಲ, ಅಜ್ಜಿ ಅಂತಲೂ ಅಲ್ಲ. ಹೋದ ತಿಂಗಳು ಅಂಥ ಹೊಸ ಹುಡುಗಿಯೊಬ್ಬಳು ಎತ್ತಿಕೊಳ್ಳಲು ಕೈ ಚಾಚಿದಾಗ ಮುಖ ತಿರುಗಿಸಿ, "ಬ್ಯಾಡ," ಅಂದಿತು. ಪವಿತ್ರಾ ಅತ್ತೇಬಿಟ್ಟಳು. ಯಶೋಧರಾ ನಗುತ್ತ ರಾಚಮ್ಮನ ಕಡೆ ನೋಡಿದಳು. ರಾಚಮ್ಮ ಸೆರಗು ಸರಿಮಾಡಿಕೊಂಡು, "ಅದು ಸುಮ್ನೆ ಸದ್ದೋ ಮಾತೋ, ಇನ್ನೊಂದು ಸಲ ಅನ್ನಲಿ, ನೋಡಾನ," ಅಂದಳು.