ವಿಭೂತಿ ಹಚ್ಚಿದ ಡಿಸ್ಕಿನಲ್ಲಿದ್ದ ದನಿ

ಖಂಡೆ ಪೂಜೆಯ ಮರುದಿನ ಗೋಕಾಕದಲ್ಲಿ ಹೆಚ್ಚುಕಡಿಮೆ ಎಲ್ಲ ಅಂಗಡಿಗಳಿಗೂ ರಜೆ. ನನಗೆ ಮಾತ್ರ ಸುಗ್ಗಿ. ನವಮಿಯ ದಿನ ಜನ ಟ್ರ್ಯಾಕ್ಟರು, ಹೊಲಿಗೆ ಯಂತ್ರ, ಕುಡಗೋಲು ಎಲ್ಲವನ್ನೂ ತೊಳೆದು ಪೂಜೆ ಮಾಡುತ್ತಾರೆ, ಕಂಪ್ಯೂಟರನ್ನೂ ಬಿಡುವುದಿಲ್ಲ. ದಶಮಿಯ ಬೆಳಿಗ್ಗೆ ಕೀಬೋರ್ಡಿನ ಸಂದಿಯಲ್ಲಿ ಅಕ್ಕಿಕಾಳು, ಪ್ರಿಂಟರಿನ ಹೊಟ್ಟೆಯಲ್ಲಿ ತೆಂಗಿನಕಾಯಿಯ ನೀರು ತುಂಬಿಸಿಕೊಂಡು ನನ್ನ ರಿಪೇರಿ ಅಂಗಡಿಯ ಮೆಟ್ಟಿಲು ಹತ್ತುತ್ತಾರೆ. ಹೊಸಬರಾದರೆ ನನ್ನನ್ನು ನೋಡಿ, "ರಿಪೇರಿ ಮಾಡವ್ರು ಎಲ್ಲಿ ಹೋಗ್ಯಾರ್ರಿ ಅಕ್ಕಾರ?" ಎಂದು ಕೇಳುತ್ತಾರೆ. ಒಳಗೆ ನಿದ್ದೆ ಮಾಡಾಕತ್ತಾರ, ಎಬ್ಬಿಸಬ್ಯಾಡ್ರಿ ಎಂದು ಹೇಳಿ ನಾನೇ ಸ್ಕ್ರೂಡ್ರೈವರ್ ಎತ್ತಿಕೊಳ್ಳುತ್ತೇನೆ.

ಆ ದಶಮಿಯ ದಿನ ಮೂಡಲಗಿಯ ಸ್ಟುಡಿಯೋದವನು ಬೈಕಿನ ಮೇಲೆ ಬಂದ. ಅವನನ್ನು ನಾನು ಮೊದಲಿನಿಂದ ತಮ್ಮಾ ಎಂದೇ ಕರೆಯುತ್ತೇನೆ. ಮನೆಯ ಹಿಂದಿನ ಕೋಣೆಯ ಗೋಡೆಗಳಿಗೆ ಕೌದಿ ಬಡಿದು ರೆಕಾರ್ಡಿಂಗ್ ಸ್ಟುಡಿಯೋ ಮಾಡಿಕೊಂಡಿದ್ದಾನೆ. ಭಜನೆ, ಮದುವೆ ಹಾಡು, ಗಾಡಿಯ ಮೈಕಿನಲ್ಲಿ ಕೂಗಿಸುವ ಜಾಹೀರಾತು, ಎಲ್ಲ ಅಲ್ಲೇ. ಅವನ ಹಿಂದೆ ಒಬ್ಬ ಮುದುಕರು ಕಂಪ್ಯೂಟರಿನ ಪೆಟ್ಟಿಗೆಯನ್ನು ಕೌದಿಯಲ್ಲಿ ಸುತ್ತಿ ತಬ್ಬಿಕೊಂಡು ಕುಳಿತಿದ್ದರು. ಕುತ್ತಿಗೆಗೆ ಬಿಳಿ ಮಫ್ಲರ್ ಇತ್ತು. ಇಳಿದು ನನಗೆ ಸಲಾಮು ಮಾಡಿದರು, ಮಾತಾಡಲಿಲ್ಲ.

"ಹುಕ್ಕೇರಿ ಕಾಕಾ ಇವರು," ಎಂದ ತಮ್ಮ. ಅಷ್ಟು ಸಾಕಾಗಿತ್ತು. ಹುಕ್ಕೇರಿಯಲ್ಲಿ ಪಾತ್ರೆಗಳಿಗೆ ಕಲಾಯಿ ಮಾಡುವ ಈ ಕಾಕಾನನ್ನು ನಮ್ಮ ಸೀಮೆ ಗುರುತಿಸುವುದು ಮೊಹರಮ್ ಹಬ್ಬದ ರಿವಾಯತ್ ಪದಗಳಿಂದ. ಬೆಲ್ಲದ ಬಾಗೇವಾಡಿಯಲ್ಲಿ ನನ್ನ ತವರು. ಚಿಕ್ಕವಳಿದ್ದಾಗ ಅಪ್ಪನ ಹೆಗಲ ಮೇಲೆ ಕುಳಿತು ಅವರ ಹಾಡು ಕೇಳಿದ್ದೇನೆ. ಅವರ ಮೇಳದಲ್ಲಿ ಅರ್ಧ ಜನ ಮುಸಲ್ಮಾನರು, ಅರ್ಧ ಜನ ಲಿಂಗಾಯತರು. ಕಾಕಾ ದನಿ ಎತ್ತಿದರೆ ಮೊಹರಮ್ಮಿನ ಅಲಾವಿ ಕುಣಿಯ ಬೆಂಕಿ ಕೂಡ ಒಂದು ಗಳಿಗೆ ಸುಮ್ಮನಾಗುತ್ತದೆ ಎಂದು ಅಪ್ಪ ಹೇಳುತ್ತಿದ್ದ.

ಆ ದನಿ ಈಗ ಇರಲಿಲ್ಲ. ಮಳೆಗಾಲದಲ್ಲಿ ಅವರ ಗಂಟಲಿಗೆ ಕೆಟ್ಟ ರೋಗ ಬಂದಿತ್ತು. ಧ್ವನಿಪೆಟ್ಟಿಗೆ ತೆಗೆಯದೆ ಜೀವ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಕಾಕಾ ಒಂದು ಕೆಲಸ ಮಾಡಿದರು. ಆಪರೇಶನ್ನಿಗೆ ಮುಂಚೆ ದಿನಾ ಬಸ್ಸು ಹತ್ತಿ ಮೂಡಲಗಿಗೆ ಬಂದು, ತಮಗೆ ಬರುವ ಪದಗಳನ್ನೆಲ್ಲ ಈ ಸ್ಟುಡಿಯೋದಲ್ಲಿ ಹಾಡಿ ಇಟ್ಟರು. ಒಂದೇ ಕರಾರು: ಮುಂದಿನ ಮೊಹರಮ್ಮಿನ ಕತ್ತಲ್ ರಾತ್ರಿಯ ಜಾಗರಣೆಯಲ್ಲಿ ತಮ್ಮ ಮೇಳ ಹಾಡುವ ತನಕ ಯಾರಿಗೂ ನಕಲು ಕೊಡಬಾರದು. ಕಲ್ಲೋಳಿ ಕಡೆಯ ಎದುರಾಳಿ ಮೇಳದವರು ಅವರ ಧಾಟಿಗಳ ಮೇಲೆ ಎಷ್ಟೋ ವರ್ಷಗಳಿಂದ ಕಣ್ಣಿಟ್ಟಿದ್ದರು. ಸ್ಟುಡಿಯೋದ ತಮ್ಮ ಮಾತು ಕೊಟ್ಟ, ಮಾತಿನಂತೆ ನಡೆದುಕೊಂಡ. ಹಾಗಾಗಿ ಕಾಕಾನ ದನಿ ಭೂಮಿಯ ಮೇಲೆ ಇದ್ದದ್ದು ಕೌದಿ ಸುತ್ತಿದ ಆ ಒಂದೇ ಪೆಟ್ಟಿಗೆಯಲ್ಲಿ.

"ಅಕ್ಕಾರ, ನಿನ್ನಿ ಪೂಜಾ ಮಾಡಿ ಇವತ್ತ ಹಚ್ಚಿದ್ರ ಸುರು ಆಗವಲ್ದ್ರಿ. ಬೂಟ್ ಆಗೂ ಡಿಸ್ಕ್ ಇಲ್ಲ ಅಂತೈತಿ."

"ಪೂಜಾ ಅಂದ್ರ ಏನೇನ್ ಮಾಡಿದಿ? ಖರೆ ಹೇಳು."

ಖರೆ ಹೇಳಿದ. ಕಂಪ್ಯೂಟರಿನ ಒಳಗಿನ ಎರಡೂ ಡಿಸ್ಕುಗಳನ್ನು ಬಿಚ್ಚಿ ತೆಗೆದು, ಒರೆಸಿ, ಮೈಕು ಮತ್ತು ಹಾರ್ಮೋನಿಯಂ ಜೊತೆ ಕಂಬಳಿಯ ಮೇಲೆ ಇಟ್ಟಿದ್ದ. ಎಲ್ಲ ಹಾಡು ಇರುವುದು ಅವುಗಳಲ್ಲಿ. ಹೊರಗಿನ ತಗಡಿಗೆ ಪೂಜೆ ಮಾಡಿ ಏನು ಬಂತು ಎನ್ನುವುದು ಅವನ ವಾದ. ಒಂದಕ್ಕೆ ಅವನು ವಿಭೂತಿ ಬಳಿದಿದ್ದ, ಇನ್ನೊಂದಕ್ಕೆ ಅವನ ಹೆಂಡತಿ ಕುಂಕುಮ ಹಚ್ಚಿದ್ದಳು. ಮತ್ತೆ ಜೋಡಿಸುವಾಗ ವೈರುಗಳು ಅದಲುಬದಲಾಗಿದ್ದವು.

ಆ ಎರಡು ಡಿಸ್ಕುಗಳು ಜೋಡಿ. ಒಂದರಲ್ಲಿ ಬರೆದದ್ದನ್ನು ಕಂಪ್ಯೂಟರು ತಾನಾಗಿಯೇ ಇನ್ನೊಂದರಲ್ಲೂ ಬರೆಯುತ್ತದೆ. ಒಂದು ಸತ್ತರೂ ಮತ್ತೊಂದು ಇರಲಿ ಎಂದು. ಬೆಳಗಾವಿಯಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡ ಯಂತ್ರದಲ್ಲಿ ಈ ಜೋಡಿಯನ್ನು ಯಾರೋ ಮೊದಲೇ ಕಟ್ಟಿದ್ದರು. ಅದನ್ನು ನಂಬಿಯೇ ತಮ್ಮ ಇಷ್ಟು ದಿನ ನಿಶ್ಚಿಂತೆಯಿಂದ ಇದ್ದ.

"ಮತ್ತ ಒಬ್ಬ ದೋಸ್ತಗ ಫೋನ್ ಹಚ್ಚಿದ್ನ್ರಿ. ಒಂದೊಂದ ಹಾಕಿ ನೋಡು ಅಂದ. ಕುಂಕುಮದ್ದ ಒಂದ ಹಾಕಿದ್ರ ಸುರು ಆತ್ರಿ. ಆದ್ರ..." ತಮ್ಮ ಕಾಕಾನ ಕಡೆ ನೋಡಿ ದನಿ ಇಳಿಸಿದ. "ಕಾಕಾನ ಹಾಡ ಒಂದೂ ಇಲ್ರಿ ಅದರಾಗ. ಇನ್ನೊಂದ ಡಿಸ್ಕ್ ಜೋಡಿಸಿ ಹೊಂದಿಸಿಬಿಡು, ಎರಡೂ ಒಂದ ಆಗತಾವ ಅಂದಾನ್ರಿ ಅಂವ."

ನನಗೆ ಸಿಟ್ಟು ನೆತ್ತಿಗೇರಿತು.

"ಖರೆ ಹೇಳ್ಯಾನ ನಿನ್ನ ದೋಸ್ತ. ಎರಡೂ ಒಂದ ಆಗತಾವ. ಯಾವುದರಂಗ ಆಗತಾವ ಅಂತ ಕೇಳಿದ್ಯಾ? ಹಾಡ ಇಲ್ಲದ್ದನ್ನ ನೋಡಿ ಹಾಡ ಇದ್ದದ್ದೂ ಖಾಲಿ ಆತಂದ್ರ ಯಾರ್ನ್ ಕೇಳಾಂವ ನೀ?"

ಕಾಕಾ ಸ್ಟೂಲಿನ ಮೇಲೆ ಕುಳಿತು ನಮ್ಮಿಬ್ಬರನ್ನೂ ನೋಡುತ್ತಿದ್ದರು. ಅವರಿಗೆ ಡಿಸ್ಕಿನ ವಿಷಯ ತಿಳಿಯದಿದ್ದರೂ ಏನು ಹೋಗಬಹುದು ಎನ್ನುವುದು ತಿಳಿದಿತ್ತು. ಪ್ರತಿ ಸಂತೆಯ ದಿನ ಅವರು ಮೂಡಲಗಿಗೆ ಬಂದು ತಮ್ಮ ಹಾಡನ್ನು ತಾವೇ ಕೇಳಿ ಹೋಗುತ್ತಿದ್ದರಂತೆ. ಅವರ ಎದುರಿಗೆ ಇಂಥ ಮಾತು ಆಡಿದ್ದಕ್ಕೆ ನನಗೆ ಕೆಡುಕೆನಿಸಿತು. ಶಟರ್ ಅರ್ಧ ಎಳೆದೆ. ಈ ಕೆಲಸ ಮುಗಿಯುವ ತನಕ ಬೇರೆ ಕಂಪ್ಯೂಟರು ಮುಟ್ಟುವುದಿಲ್ಲ ಎಂದು ಹೊರಗೆ ಕುಳಿತಿದ್ದವರಿಗೆ ಹೇಳಿ ಬಂದೆ.

ಡಿಸ್ಕುಗಳಲ್ಲಿ ಏನನ್ನೂ ಬರೆಯದೆ ಬರೀ ಓದುವ ಹಾಗೆ, ನನ್ನ ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿದೆ. ಕುಂಕುಮದ ಡಿಸ್ಕು ಕಾಣಿಸಿತು, ವಿಭೂತಿಯದು ಕಾಣಿಸಲಿಲ್ಲ. ತೆಗೆದು ಟಾರ್ಚು ಹಿಡಿದು ನೋಡಿದರೆ ವೈರು ಸಿಕ್ಕಿಸುವ ಸಂದಿಯ ತುಂಬ ವಿಭೂತಿ. ಬ್ರಶ್ಶು, ಸ್ಪಿರಿಟ್ಟು, ಮತ್ತೆ ಬ್ರಶ್ಶು. ತಮ್ಮ ಪಕ್ಕದಲ್ಲಿ ನಿಂತು ಬಾಯಿಂದ ಊದಲು ಬಗ್ಗಿದ. ಮೊಳಕೈಯಿಂದ ತಿವಿದು ಆಚೆ ನಿಲ್ಲಿಸಿದೆ. ಹಲ್ಲು ಹಲ್ಲಿನ ನಡುವೆಯೂ ಒರೆಸಿ ಹೊಸ ವೈರು ಹಾಕಿದ ಮೇಲೆ ಅದೂ ಕಾಣಿಸಿಕೊಂಡಿತು.

ಈಗ ಯಾವುದು ಹಳೆಯದು, ಯಾವುದು ಹೊಸದು ಎನ್ನುವುದು ತಿಳಿಯಬೇಕಿತ್ತು. ಜೋಡಿಯ ಪ್ರತಿಯೊಂದು ಡಿಸ್ಕೂ ತಾನು ಕೊನೆಗೆ ಕೆಲಸ ಮಾಡಿದ ತಾರೀಖನ್ನು ತನ್ನಲ್ಲೇ ಬರೆದುಕೊಂಡಿರುತ್ತದೆ. ಕುಂಕುಮದ ಡಿಸ್ಕು ಇವತ್ತಿನ ತಾರೀಖು ತೋರಿಸಿತು, ವಿಭೂತಿಯದು ನಿನ್ನೆಯದು. ತಾರೀಖನ್ನು ನಂಬಿದರೆ ಕುಂಕುಮದ್ದೇ ಹೊಸದು; ಅಂದರೆ ಕಾಕಾನ ಹಾಡು ಎಲ್ಲಿಯೂ ಇಲ್ಲ. ಅದನ್ನು ಮುಖದಲ್ಲಿ ತೋರಿಸಿಕೊಳ್ಳದೆ ಚಹಾ ತರಿಸಿದೆ.

ಚಹಾ ಕುಡಿಯುವಾಗ ತಿಳಿಯಿತು. ಇವತ್ತು ಬೆಳಿಗ್ಗೆ ಕುಂಕುಮದ ಡಿಸ್ಕನ್ನು ಒಂಟಿಯಾಗಿ ಎಬ್ಬಿಸಿದ್ದೇ ಈ ತಮ್ಮ. ಎದ್ದದ್ದಕ್ಕೆ ಅದು ಇವತ್ತಿನ ತಾರೀಖು ಬರೆದುಕೊಂಡಿದೆ, ಅಷ್ಟೆ. ತಾರೀಖಿನ ಬಾಜೂಕ್ಕೆ ಇನ್ನೊಂದು ಎಣಿಕೆ ಇರುತ್ತದೆ, ಜೋಡಿಯಲ್ಲಿ ಏನೇ ಏರುಪೇರಾದರೂ ಒಂದೊಂದಾಗಿ ಏರುವಂಥದು. ಅದನ್ನು ತೆಗೆದು ನೋಡಿದೆ. ವಿಭೂತಿಯ ಡಿಸ್ಕಿನ ಎಣಿಕೆ ಎಷ್ಟೋ ಮುಂದಿತ್ತು, ಕುಂಕುಮದ್ದು ಎಲ್ಲೋ ಹಿಂದೆ ನಿಂತುಬಿಟ್ಟಿತ್ತು.

"ತಮ್ಮಾ, ಹ್ವಾದ ವರ್ಷ ಖಂಡೆ ಪೂಜಾಕ್ಕ ಏನ್ ಮಾಡಿದ್ದಿ?"

"ಹ್ವಾದ ವರ್ಷ ಒಂದ ಡಿಸ್ಕ್ ಅಷ್ಟ ತಗದಿದ್ನ್ರಿ. ಪೂಜಾ ಹೊತ್ತಿನ್ಯಾಗ ವಚನದ ಹಾಡ ಹಚ್ಚಿದ್ದೆ, ನಡುವ ಬಂದ್ ಮಾಡಬಾರದಂತ ಚಾಲೂ ಇದ್ದಾಗನ ಎಳದ್ನ್ರಿ. ಹಾಡ ನಿಲ್ಲಲಿಲ್ರಿ ಅಕ್ಕಾರ! ಮರುದಿನ ಮತ್ತ ಸಿಗಿಸಿದ್ನ್ರಿ."

ಇದನ್ನೆಲ್ಲ ಅವನು ಹೆಮ್ಮೆಯಿಂದಲೇ ಹೇಳಿದ. ನಗಬೇಕೋ ಹೊಡೆಯಬೇಕೋ ತಿಳಿಯಲಿಲ್ಲ. ನಡೆಯುತ್ತಿದ್ದ ಯಂತ್ರದಿಂದ ಎಳೆದ ಡಿಸ್ಕನ್ನು, ಅಂದರೆ ಈ ಕುಂಕುಮದ್ದನ್ನು, ಜೋಡಿಯು ಕೈಬಿಟ್ಟಿತ್ತು. ಮರುದಿನ ಸಿಕ್ಕಿಸಿದರೂ ಸೇರಿಸಿಕೊಂಡಿರಲಿಲ್ಲ. ಆದರೆ ಯಂತ್ರವನ್ನು ಎಬ್ಬಿಸುವ ಸಣ್ಣ ಪ್ರೋಗ್ರಾಂ ಅದೊಂದರಲ್ಲೇ ಇತ್ತು. ಜೋಡಿ ಕಟ್ಟಿದವರು ಎರಡನೆಯದಕ್ಕೆ ಅದನ್ನು ಹಾಕಿರಲೇ ಇಲ್ಲ. ಹೀಗಾಗಿ ವರ್ಷವಿಡೀ ಕುಂಕುಮದ ಡಿಸ್ಕು ಬೆಳಿಗ್ಗೆ ಬಾಗಿಲು ತೆರೆದುಕೊಟ್ಟು ಸುಮ್ಮನಿರುತ್ತಿತ್ತು, ದುಡಿಯುತ್ತಿದ್ದದ್ದು ವಿಭೂತಿಯದು ಒಂದೇ. ಕಾಕಾ ಹಾಡಿದ್ದು ಈ ಮಳೆಗಾಲದಲ್ಲಿ. ಅವರ ದನಿ ವಿಭೂತಿಯ ಡಿಸ್ಕಿನಲ್ಲಿ ಇರಲೇಬೇಕು.

ಕಾಕಾನ ಎದುರು ಕುಳಿತು ಹೇಳಿದೆ. "ಕಾಕಾ, ನಿಮ್ಮ ಹಾಡ ಅದಾವ್ರಿ. ತಗಿಯಾಕ ಹೊತ್ತ ಹಿಡಿತೈತಿ. ತಗದ ಬಿಡ್ತೇನಿ." ಕಾಕಾ ಎರಡೂ ಕೈ ಎತ್ತಿ ದುವಾ ಕೇಳಿದರು.

ನನ್ನ ಅಂಗಡಿಯ ನಿಯಮ ಒಂದೇ: ಮೊದಲು ನಕಲು, ಆಮೇಲೆ ರಿಪೇರಿ. ಕುಂಕುಮದ ಡಿಸ್ಕನ್ನು ಪೂರ್ತಿ ಬಿಚ್ಚಿ ಕಪಾಟಿನಲ್ಲಿಟ್ಟು, ವಿಭೂತಿಯದನ್ನು ಒಂದು ಹೊಸ ಡಿಸ್ಕಿಗೆ ಇದ್ದದ್ದು ಇದ್ದ ಹಾಗೆ ಇಳಿಸಲು ಹಚ್ಚಿದೆ. ಅರ್ಧ ದಾರಿ ಚೆನ್ನಾಗಿ ಹೋಯಿತು. ಆಮೇಲೆ ಟಕ್ ಟಕ್ ಎಂದು ಸದ್ದು ಮಾಡಿ ನಿಂತಿತು. ಒಂಟಿಯಾಗಿ ದುಡಿದು ದುಡಿದು ಆ ಡಿಸ್ಕಿಗೂ ಅಲ್ಲಲ್ಲಿ ಹುಣ್ಣಾಗಿತ್ತು. ಕೆಟ್ಟ ಜಾಗ ಸಿಕ್ಕಲ್ಲಿ ಹಟ ಹಿಡಿಯದೆ ಬಿಟ್ಟು ಮುಂದೆ ಹೋಗುವ, ಎಲ್ಲ ಮುಗಿದ ಮೇಲೆ ಬಿಟ್ಟದ್ದನ್ನು ಮತ್ತೆ ಬಂದು ಕೇಳುವ ಪ್ರೋಗ್ರಾಂ ಒಂದಿದೆ. ಅದನ್ನು ಹಚ್ಚಿದೆ. ಹಟ ಮಾಡುವ ಕೆಲಸ ನಾನು ವಹಿಸಿಕೊಂಡೆ.

ಮಧ್ಯಾಹ್ನ ಕರೆಂಟು ಹೋಯಿತು. ಬ್ಯಾಟರಿಯನ್ನು ಆ ಯಂತ್ರವೊಂದಕ್ಕೇ ಉಳಿಸಲು ಫ್ಯಾನು, ಲೈಟು ಎಲ್ಲ ಆರಿಸಿದೆ. ಡಿಸ್ಕು ಕಾದು ಬಿಸಿಯಾಗತೊಡಗಿತು. ಕಾಕಾ ಎದ್ದು ಬಂದು, ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರ್ ಬಿಚ್ಚಿ ಗಾಳಿ ಬೀಸುತ್ತ ನಿಂತರು. ಕುಳಿತುಕೊಳ್ಳಿರಿ ಎಂದರೆ ಕೇಳಲಿಲ್ಲ. ತಾನು ಬೀಸುತ್ತೇನೆಂದು ತಮ್ಮ ಕೈಚಾಚಿದರೆ ಅವನ ಕೈ ಸರಿಸಿದರು. ತಮ್ಮ ದನಿಗೆ ತಾವೇ ಗಾಳಿ ಹಾಕುತ್ತಿದ್ದ ಆ ಮುದುಕರನ್ನು ನೋಡಿ ನನ್ನ ಕಣ್ಣು ತುಂಬಿ ಬಂತು. ಸ್ಪಿರಿಟ್ಟಿನ ಘಾಟು ಎಂದು ತಮ್ಮನಿಗೆ ಹೇಳಿದೆ.

ಸಂಜೆ ಜನ ಬನ್ನಿ ಮುಡಿಯಲು ಹೊರಟ ಹೊತ್ತಿಗೆ ನಕಲು ಮುಗಿಯಿತು. ನಕಲನ್ನು ಬೇರೆ ಯಂತ್ರಕ್ಕೆ ಹಚ್ಚಿ ತೆರೆದೆ. ಕಾಕಾನ ಪದಗಳು ಸಾಲಾಗಿ ಕುಳಿತಿದ್ದವು. ಮೊದಲನೆಯದನ್ನು ಒತ್ತಿದೆ.

ಅಪ್ಪನ ಹೆಗಲ ಮೇಲೆ ಕೇಳಿದ್ದ ಅದೇ ದನಿ. ವಯಸ್ಸಾಗಿತ್ತು, ಎತ್ತರ ಕಳೆದುಕೊಂಡಿರಲಿಲ್ಲ. ಕಾಕಾ ಕಣ್ಣು ಮುಚ್ಚಿ ನನ್ನ ಟೇಬಲ್ಲಿನ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದರು. ಒಂದು ಪದದ ನಡುವೆ ದನಿ ತಟ್ಟನೆ ನಿಂತಿತು; ಡಿಸ್ಕು ಕೊನೆಗೂ ಬಿಟ್ಟುಕೊಡದ ಜಾಗ ಅದು. ಕಾಕಾನ ಬೆರಳು ನಿಲ್ಲಲಿಲ್ಲ. ಖಾಲಿ ಜಾಗದಲ್ಲೂ ತಾಳ ಹಿಡಿದುಕೊಂಡೇ ಹೋದರು, ದನಿ ಮತ್ತೆ ಬಂದಾಗ ಸರಿಯಾಗಿ ಅದೇ ತಾಳಕ್ಕೆ ಕೂಡಿಕೊಂಡಿತು. ಆದರೆ ಕಾಕಾ ಕಣ್ಣು ತೆರೆದಿದ್ದರು. ಆ ಸಾಲನ್ನು ಇನ್ನೊಮ್ಮೆ ಹಾಡುವವರು ಯಾರೂ ಇಲ್ಲ ಎನ್ನುವುದು ನಮ್ಮ ಮೂವರಿಗೂ ಗೊತ್ತಿತ್ತು.

ಹಾಡು ಮುಗಿದ ಮೇಲೆ ನಾನು ಕೇಳಿಯೇಬಿಟ್ಟೆ. "ಕಾಕಾ, ಒಂದ ಕಡೆ ಇಟ್ರ ಮತ್ತ ಇದ ಹಣೇಬಾರ. ಬ್ಯಾರೆ ಕಡೆನೂ ನಕಲ ಇಡಾಕ ನೀವು ಹೂಂ ಅನಬೇಕ್ರಿ."

ಕಾಕಾ ತಮ್ಮನನ್ನು ತೋರಿಸಿದರು, ನನ್ನನ್ನು ತೋರಿಸಿದರು, ಹುಕ್ಕೇರಿಯ ಕಡೆ ಕೈ ಮಾಡಿ ತಮ್ಮ ಮೇಳವನ್ನು ತೋರಿಸಿದರು. ಕೊನೆಗೆ ಬೈಕು ಬಂದ ದಾರಿಯ ಕಡೆ ಕೈ ತಿರುಗಿಸಿ, ಮೀಸೆ ತಿರುವಿ ಎದೆಯುಬ್ಬಿಸಿ ಯಾರನ್ನೋ ಅಣಕಿಸಿದರು. ತಮ್ಮ ಬಾಯಿ ಬಿಟ್ಟುಕೊಂಡು ನೋಡಿದ.

"ಕಲ್ಲೋಳಿ ಮೇಳದವ್ರಿಗೂ ಏನ್ರಿ ಕಾಕಾ?"

ಕಾಕಾ ಹೌದೆಂದು ಗೋಣು ಹಾಕಿದರು. ಅನುಮಾನ ಉಳಿಯದಿರಲೆಂದು ಇನ್ನೊಮ್ಮೆ ಹಾಕಿದರು.

ಯಂತ್ರದ ಕೆಲಸ ಮರುದಿನ ಮುಗಿಸಿದೆ. ಹುಣ್ಣಾದ ಡಿಸ್ಕನ್ನು ತೆಗೆದುಹಾಕಿ, ಕುಂಕುಮದ್ದನ್ನು ಅಳಿಸಿ ನಕಲಿನಿಂದ ತುಂಬಿ, ಹೊಸದೊಂದರ ಜೊತೆ ಜೋಡಿ ಕಟ್ಟಿದೆ. ಎಬ್ಬಿಸುವ ಪ್ರೋಗ್ರಾಂ ಎರಡಕ್ಕೂ ಹಾಕಿ, ಒಂದೊಂದನ್ನೇ ತೆಗೆದು ಎಬ್ಬಿಸಿ ನೋಡಿದೆ. ಇನ್ನು ಮುಂದೆ ಹೊರಗಿನ ತಗಡಿಗೆ ಪೂಜೆ ಮಾಡಿದರೂ ದೇವರಿಗೆ ಮುಟ್ಟುತ್ತದೆ ಎಂದು ತಮ್ಮನಿಂದ ಒಪ್ಪಿಸಿಕೊಂಡೆ.

ದಶಮಿಯ ಆ ಸಂಜೆಯೇ, ಹೊರಡುವ ಮೊದಲು ಕಾಕಾ ಓಣಿಯ ತುದಿಗೆ ಹೋಗಿ, ಬನ್ನಿ ಹಂಚುತ್ತಿದ್ದವರಿಂದ ಒಂದು ಹಿಡಿ ಎಲೆ ಇಸಿದುಕೊಂಡು ಬಂದರು. ನನ್ನ ಅಂಗೈಯಲ್ಲಿ ಇಟ್ಟು ಎರಡೂ ಕೈಯಿಂದ ಮುಚ್ಚಿದರು. ಬನ್ನಿ ಕೊಡುವವರು ಒಂದು ಮಾತು ಹೇಳಬೇಕು, ತೆಗೆದುಕೊಂಡವರು ಅದನ್ನೇ ತಿರುಗಿ ಹೇಳಬೇಕು. ಕಾಕಾನ ತುಟಿ ಅಲುಗಿತು, ದನಿ ಬರಲಿಲ್ಲ. ನನ್ನ ಮುಖ ನೋಡುತ್ತ ನಿಂತರು.

"ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ," ಎಂದೆ. ಒಂದಿಷ್ಟು ತಡೆದು ಇನ್ನೊಮ್ಮೆ ಹೇಳಿದೆ. ಮೊದಲನೆಯದು ಅವರದು, ಎರಡನೆಯದು ನನ್ನದು.