ಕಾರಿಗೆ ಮೊದಲು ಯಾರ ಫೋನು

ಅತ್ತಿಗೆ ನಮ್ಮ ಕಾರಿನ ರೇಡಿಯೋ ಜಾಗಕ್ಕೆ ಟಚ್‌ಸ್ಕ್ರೀನ್ ಪರದೆ ಕೂರಿಸಲು ಬಂದ ಭಾನುವಾರ, ಚಪ್ಪಲಿ ಬಿಡುವ ಮುಂಚೆಯೇ ಕೇಳಿದ್ದು ನನ್ನ ಐಸ್ ಟ್ರೇಯನ್ನು.

"ಸ್ಕ್ರೂ ಹಾಕಿಡೋಕೆ ಬೇಕು ಕಣಮ್ಮ. ನನ್ನ ಡಬ್ಬಿ ಅಂಗಡೀಲೇ ಉಳೀತು."

ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಗಂಡ ಫ್ರಿಜ್ಜಿನ ಮುಂದಿದ್ದರು. ಮಗಳಿಗೆಂದು ನಾನು ಬೇಯಿಸಿ, ಅರೆದು, ಗಟ್ಟಿಯಾಗಲು ಇಟ್ಟಿದ್ದ ತರಕಾರಿಯ ತುಂಡುಗಳನ್ನು ಬಟ್ಟಲಿಗೆ ಕುಟ್ಟಿ ಉದುರಿಸಿ, ಟ್ರೇ ತೊಳೆದು, ಒರೆಸಿ, ಅಕ್ಕನ ಕೈಗಿಟ್ಟರು. ನಾನು ಒಂದು ಲೋಟ ನೀರು ಕೇಳಿದರೆ 'ಬಂದೆ' ಎಂದು ಹೇಳಿ ಮರೆತೇ ಬಿಡುವ ಮನುಷ್ಯ ಇವರು.

ಅತ್ತಿಗೆ ಎಂದರೆ ನನ್ನ ಗಂಡನ ಅಕ್ಕ. ಕಾರಿನ ಸ್ಪೀಕರು, ಪರದೆ, ಕ್ಯಾಮೆರಾ ಮಾರಿ ಕೂರಿಸಿಕೊಡುವ ಅಂಗಡಿಯಲ್ಲಿ ಫಿಟ್ಟರ್. ಅಲ್ಲಿಗೆ ಸೇರಿದ್ದು ಫೋನು ಎತ್ತಿ ಮಾತಾಡುವ ಕೆಲಸಕ್ಕೆ. ಕುರ್ಚಿ ಮುಂದುಗಡೆ, ಕಣ್ಣು ಮಾತ್ರ ಹಿಂದುಗಡೆ ಕಾರಿನ ಬಾಗಿಲು ಬಿಚ್ಚುತ್ತಿದ್ದವರ ಕೈ ಮೇಲೆ. ಊಟದ ಹೊತ್ತಿನಲ್ಲಿ ಅವರೆಲ್ಲ ಹೊರಗೆ ಹೋದಾಗ ಅರ್ಧ ಬಿಚ್ಚಿದ ಕಾರಿನೊಳಗೆ ಹೋಗಿ ಕೂತು, ಯಾವ ತಂತಿ ಎಲ್ಲಿಂದ ಎಲ್ಲಿಗೆ ಎಂದು ನೋಡುತ್ತಿದ್ದರಂತೆ. ಈಗ ದೊಡ್ಡ ಗಾಡಿ ಬಂದರೆ ಮಾಲೀಕರು ಇವರನ್ನು ಬಿಟ್ಟು ಬೇರೆಯವರ ಕೈಗೆ ಕೊಡುವುದಿಲ್ಲ. ಹೊಸ ಗಿರಾಕಿಗಳು ಇಂದಿಗೂ ಇವರ ಎದುರೇ ನಿಂತು "ಫಿಟ್ಟರ್ ಎಲ್ಲಮ್ಮ?" ಎಂದು ಕೇಳುವುದುಂಟು. ಇವರು "ಇರಿ, ಕರೀತೀನಿ" ಎಂದು ಒಳಗೆ ಹೋಗಿ, ಏಪ್ರನ್ ಕಟ್ಟಿಕೊಂಡು, ಟಾರ್ಚು ಹಿಡಿದು ಹೊರಗೆ ಬಂದು "ಹೇಳಿ" ಎನ್ನುತ್ತಾರೆ.

ಮದುವೆ ಬೇಡವೆಂದರು. ಯಾಕೆಂದು ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ. ನಮ್ಮ ಅತ್ತೆಯವರು ಪಾಳಿಯ ಮೇಲೆ ಕೆಲಸಕ್ಕೆ ಹೋಗುತ್ತಿದ್ದ ಕಾಲದಲ್ಲಿ ತಮ್ಮನ ತಲೆ ಬಾಚಿ, ಬೂಟು ಕಟ್ಟಿ, ಶಾಲೆಗೆ ಬಿಟ್ಟವರು ಇವರೇ. ಆ ತಮ್ಮ ಈಗಲೂ ಅಂಗಡಿಗೆ ಹೋಗಿ ಅಂಗಿ ಆರಿಸುವಾಗ ನನಗೆ ತೋರಿಸಿ, ಅಕ್ಕನಿಗೂ ಒಂದು ಫೋಟೊ ಕಳಿಸುತ್ತಾರೆ. ಕೊನೆಗೆ ಕೊಳ್ಳುವುದು ಯಾವ ಅಂಗಿಯೆಂದು ನಾನು ಬರೆಯುವುದಿಲ್ಲ.

ಆ ಭಾನುವಾರ ಅಕ್ಕ ತಮ್ಮ ಇಬ್ಬರೂ ಕಾರಿನೊಳಗೆ ಹೊಕ್ಕರು. ನಾನು ಮಗಳನ್ನು ಸೊಂಟದ ಮೇಲಿಟ್ಟುಕೊಂಡು ಗೇಟಿನ ಬಳಿ ನಿಂತೆ. ಅತ್ತಿಗೆ ಮೊದಲು ಬ್ಯಾಟರಿಯ ತಂತಿ ಕಳಚಿದರು. ಆಮೇಲೆ ಚಪ್ಪಟೆ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಹಳೆಯ ರೇಡಿಯೋದ ಅಂಚಿಗೆ ತೂರಿಸಿ ಮೆಲ್ಲಗೆ ಎಬ್ಬಿಸಿದರು. ಟಕ್, ಟಕ್ ಎಂದು ಒಂದೊಂದೇ ಕೊಂಡಿ ಬಿಟ್ಟುಕೊಂಡಿತು. ನಾವು ಈ ಕಾರನ್ನು ಕೊಂಡಾಗಿನಿಂದ ಕಪಾಟಿನ ಬಾಗಿಲಿನಂತೆ ಕಿರುಗುಡುತ್ತಿದ್ದ ಆ ಭಾಗ ಅವರ ಕೈಯಲ್ಲಿ ಸದ್ದಿಲ್ಲದೆ ಕಳಚಿ ಬಂತು. ತೆಗೆದ ಸ್ಕ್ರೂಗಳು ತೆಗೆದ ಸಾಲಿನಲ್ಲೇ ನನ್ನ ಐಸ್ ಟ್ರೇಯ ಗುಳಿಗಳಿಗೆ ಬಿದ್ದವು.

"ಲೋ, ಟಾರ್ಚು ನನ್ನ ಕೈ ಮೇಲೆ ಹಿಡಿ, ನನ್ನ ಮೂತಿ ಮೇಲಲ್ಲ."

"ನಿನ್ನ ಮೂತೀನೇ ಅಡ್ಡ ಬರ್ತಿದೆ ಅಕ್ಕ."

ಇಬ್ಬರೂ ನಕ್ಕರು. ಏನು ಅಂಥ ನಗುವ ಮಾತು ಅದು? ನನಗಂತೂ ತಿಳಿಯಲಿಲ್ಲ. ನನ್ನ ಸೊಂಟದ ಮೇಲಿದ್ದವಳು ಕಾರಿನ ಕಡೆ ಎರಡೂ ಕೈ ಚಾಚಿ "ತ್ತೆ, ತ್ತೆ" ಎಂದು ಕೂಗಿದಳು. ಈ ಮನೆಯಲ್ಲಿ ಅಮ್ಮ ಎನ್ನುವುದಕ್ಕಿಂತ ಮೊದಲು ಅತ್ತೆ ಎಂದವಳು ನನ್ನ ಮಗಳು. ಒಂದೇ ಕಡೆ ನಿಲ್ಲದೆ ಗಿರಗಿರ ತಿರುಗುತ್ತಾಳೆಂದು ಅವಳಿಗೆ 'ಬುಗುರಿ' ಎಂದು ಹೆಸರಿಟ್ಟವರೂ ಅತ್ತಿಗೆಯೇ. ನಾನು ಯೋಚಿಸಿ ಯೋಚಿಸಿ ಇಟ್ಟ ಹೆಸರಿನಿಂದ ಅವಳನ್ನು ಈಗ ಯಾರೂ ಕರೆಯುವುದಿಲ್ಲ. ನಾನೂ.

ನನ್ನ ತಲೆಯೊಳಗೆ ಆಗ ಒಂದೇ ವಿಷಯ ಕುದಿಯುತ್ತಿತ್ತು. ಬಸುರಿಯಾಗುವ ಮುಂಚೆ ನಾನು ಕನ್ನಡಕದಂಗಡಿಯಲ್ಲಿದ್ದೆ. ಬಂದವರ ಮೂಗು, ಕಿವಿ ನೋಡಿ, ಫ್ರೇಮಿನ ಕಾಲನ್ನು ಬಿಸಿಮಾಡಿ ಬಗ್ಗಿಸಿ ಸರಿಯಾಗಿ ಕೂರಿಸುವ ಕೆಲಸ. ಅಲ್ಲಿಂದ ಕರೆ ಬಂದಿತ್ತು: ಬೆಳಗಿನ ಅರ್ಧ ದಿನಕ್ಕೆ ಬರುತ್ತೀರೋ, ಇಲ್ಲ ಬೇರೆಯವರನ್ನು ಇಟ್ಟುಕೊಳ್ಳೋಣವೋ, ತಿಂಗಳೊಳಗೆ ಹೇಳಿ ಎಂದು. ಹೋಗಬೇಕೆಂಬ ಆಸೆ ನನಗೆ ಗಂಟಲವರೆಗೂ ಇತ್ತು. ಆದರೆ ಬುಗುರಿಯನ್ನು ಯಾರ ಹತ್ತಿರ ಬಿಡುವುದು? ನನ್ನ ತವರು ದೂರ. ಅತ್ತೆಯವರಿಗೆ ಮಂಡಿನೋವು.

"ಅಕ್ಕನ ಹತ್ರ ಬಿಡೋಣ" ಎಂದಿದ್ದರು ಇವರು. "ಅವಳು ಹೇಗೋ ಹೊಂದಿಸ್ಕೊಳ್ತಾಳೆ."

ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅತ್ತೆಯ ತೊಡೆಯ ಮೇಲೆ ಆಡಿದ ಮಗು, ಮಧ್ಯಾಹ್ನ ನಾನು ಬಾಗಿಲಲ್ಲಿ ನಿಂತಾಗ ನನ್ನನ್ನು ಯಾರೋ ನೆಂಟರಂತೆ ನೋಡಿದರೆ? ಇದನ್ನು ಇವರ ಮುಂದೆ ಹೇಗೆ ಹೇಳುವುದು? "ನೋಡೋಣ" ಎಂದು ಹೇಳಿ ಹೇಳಿ ದಿನ ತಳ್ಳಿದ್ದೆ. ಕೆಲಸವೇ ಬೇಡ ಎಂದುಬಿಡುವ ಹಂತಕ್ಕೆ ಬಂದಿದ್ದೆ.

ಮಧ್ಯಾಹ್ನದ ಹೊತ್ತಿಗೆ ಪರದೆ ಜಾಗಕ್ಕೆ ಕೂತಿತು. ಕಾರಿನ ಒಂದು ತಂತಿಯನ್ನೂ ಅತ್ತಿಗೆ ಕತ್ತರಿಸಲಿಲ್ಲ. ಎಲ್ಲವನ್ನೂ ಕನೆಕ್ಟರಿನಿಂದಲೇ ಸೇರಿಸಿ, ಗಡಗಡ ಸದ್ದು ಬರಬಾರದೆಂದು ತಂತಿಗಳಿಗೆ ಬಟ್ಟೆಯ ಟೇಪು ಸುತ್ತಿದರು. ದಾರಿ ತೋರಿಸಲು ಬೇಕಾದ ಜಿಪಿಎಸ್ ಆಂಟೆನಾವನ್ನು ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಅಂಟಿಸಿದರು. ಮೈಕನ್ನು ಮುಂದಿನ ಗಾಜಿನ ಮೂಲೆಗೆ ಸಿಕ್ಕಿಸಿದರು. ಪರೀಕ್ಷೆಗೆಂದು ತಮ್ಮ ಫೋನನ್ನು ಪರದೆಗೆ ಜೋಡಿಸಿ ಯಾರಿಗೋ ಕರೆ ಮಾಡಿ "ಕೇಳ್ತಿದೆಯಾ? ಸ್ಪಷ್ಟ ಇದೆಯಾ?" ಎಂದರು. ದಾರಿ ಸರಿಯಾಗಿ ತೋರಿಸುತ್ತದೆಯೋ ನೋಡಬೇಕೆಂದು ಅಕ್ಕ ತಮ್ಮ ಒಂದು ಸುತ್ತು ಹೋಗಿಬಂದರು. ಹೋದದ್ದು ತಾವು ಚಿಕ್ಕವರಿದ್ದಾಗ ಓದಿದ ಶಾಲೆಯ ಬೀದಿಗಂತೆ. ಊರಲ್ಲಿ ಬೇರೆ ಬೀದಿಯೇ ಇರಲಿಲ್ಲ ನೋಡಿ! ಅವರು ಬಿಟ್ಟುಹೋದ ಮಗುವನ್ನು ನಾನು ಸಮಾಧಾನ ಮಾಡುತ್ತ ಕರಗಿದ ತರಕಾರಿಯನ್ನು ಚೆಲ್ಲಿದೆ.

ನನ್ನ ನಿಜವಾದ ಹೊಟ್ಟೆಯುರಿ ಶುರುವಾದದ್ದು ಅದರ ಮರುವಾರ. ಅತ್ತಿಗೆಯ ಮನೆ ಹಿಂದಿನ ಬೀದಿಯಲ್ಲೇ. ಕೆಲಸ ಮುಗಿಸಿ ಆಗಾಗ ಬರುತ್ತಾರೆ. ಅವರು ಮನೆಯಲ್ಲಿದ್ದಾಗ ಕಾರು ಶುರು ಮಾಡಿದರೆ ಸಾಕು, ಪರದೆ ನನ್ನ ಫೋನನ್ನು ಕಣ್ಣೆತ್ತಿಯೂ ನೋಡದು. ಅತ್ತಿಗೆಯ ಫೋನಿಗೇ ಹೋಗಿ ಅಂಟಿಕೊಳ್ಳುವುದು. ನಾನು ಬುಗುರಿಗೆ ಹಾಕಬೇಕೆಂದಿದ್ದ ಜೋಗುಳದ ಬದಲು ಅವರ ಫೋನಿನ ಯಾವುದೋ ಕುಣಿತದ ಹಾಡು ಬಡಿದುಕೊಳ್ಳುವುದು.

"ಏನ್ರೀ ಇದು?"

"ಮೊದಲು ಯಾರ ಫೋನು ಜೋಡಿಸಿದ್ರೋ ಅದನ್ನೇ ಮೊದಲು ಹುಡುಕುತ್ತೆ" ಎಂದರು ಇವರು. "ಗಿರಾಕಿ ಕಾರಾದ್ರೆ ಟೆಸ್ಟ್ ಆದ ತಕ್ಷಣ ಅಳಿಸ್ತಾಳೆ. ನಮ್ಮದು ಅಂತ ಮರೆತಿರ್ಬೇಕು."

"ಹಾಗಾದ್ರೆ ನೀವು ಅಳಿಸಿ."

"ಅಕ್ಕನ ಫೋನು ಇದ್ರೆ ನಿನಗೇನಾಯ್ತು?"

ಏನಾಯಿತೆಂದು ಹೇಳಲಿ? ಗಂಡ, ಮಗಳು ಸಾಲದೆಂದು ಕಾರೂ ಅವರ ಕಡೆಗೇ ಹೋಯಿತು ಎನ್ನಲೇ? ಪಾತ್ರೆ ಜೋರಾಗಿ ತೊಳೆದೆ, ಅಷ್ಟೆ.

ಮುಂದಿನ ಭಾನುವಾರ ಅತ್ತಿಗೆ ಊಟಕ್ಕೆ ಬಂದರು. ಊಟವಾದ ಮೇಲೆ ಬುಗುರಿ ರಚ್ಚೆ ಹಿಡಿದಳು. ಅವಳನ್ನು ಎತ್ತಿಕೊಂಡು ಹೊರಗೆ ಬಂದು, ಕಾರಿನಲ್ಲಿ ಡ್ರೈವರ್ ಪಕ್ಕದ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು, ಕೈ ಚಾಚಿ ಕೀಲಿ ತಿರುಗಿಸಿದೆ. ಅತ್ತಿಗೆ ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತಿದ್ದರು. ಫೋನು ಅವರ ಪಕ್ಕದ ಕಿಟಕಿಯಲ್ಲಿತ್ತು. ಆ ಕಿಟಕಿಗೂ ಕಾರಿಗೂ ನಡುವೆ ಒಂದು ಗೋಡೆ ಮಾತ್ರ. ಎಂದಿನಂತೆ ಪರದೆ ಅದನ್ನು ಹುಡುಕಿ ಹಿಡಿಯಿತು. ಹಿಂದೆಯೇ ಕರೆಗಂಟೆ. 'ಅಂಗಡಿ ಮಾಲೀಕರು' ಎಂದು ಪರದೆಯ ತುಂಬ ಅಕ್ಷರ. ನಾನು ಕೆಂಪು ಒತ್ತಲು ಬೆರಳು ಚಾಚುವ ಮೊದಲೇ ಬುಗುರಿ ಹಸಿರಿನ ಮೇಲೆ ಅಂಗೈ ಬಡಿದಳು.

"ಏನಮ್ಮ, ಮಗು ಜೊತೆ ಇದೀಯಾ? ಸದ್ದು ಕೇಳ್ತಿದೆ" ಎಂದಿತು ಕಾರು, ಗಂಡುದನಿಯಲ್ಲಿ. "ನೀನು ಮಾತಾಡ್ಬೇಡ, ಸುಮ್ನೆ ಕೇಳು, ಆಮೇಲೆ ಜಗಳ ಆಡು. ಬೆಳಗಿನ ಹೊತ್ತು ಬರೋಲ್ಲ, ಮಧ್ಯಾಹ್ನದ ಮೇಲೆ ಬರ್ತೀನಿ ಅಂದ್ಯಲ್ಲ, ಆಯ್ತು, ಹಾಗೇ ಮಾಡು. ಆದ್ರೆ ದೊಡ್ಡ ಗಾಡಿ ಬೆಳಿಗ್ಗೆನೇ ಬಿಚ್ಚಬೇಕು, ನಿನಗೂ ಗೊತ್ತು. ಅದನ್ನೆಲ್ಲ ಹೊಸಬನಿಗೆ ಕೊಡ್ತೀನಿ. ನಿನಗೆ ಸ್ಪೀಕರು, ಸೀಟ್ ಕವರು. ಆಮೇಲೆ 'ನನ್ನ ಗಾಡಿ ಅವನು ಮುಟ್ಟಿದ' ಅಂತ ಉರ್ಕೊಂಡು ಓಡಾಡೋ ಹಾಗಿಲ್ಲ."

ನಾನು ಅಲ್ಲೇ ತಡೆದು 'ಅವರಿಲ್ಲಿಲ್ಲ' ಎನ್ನಬಹುದಿತ್ತು. ಎನ್ನಲಿಲ್ಲ.

"ಇಷ್ಟೆಲ್ಲ ಮಾಡ್ತೀಯ, ಆ ಹುಡುಗಿ ಮಗು ಬಿಡ್ತಾಳಾ ಮೊದಲು ಕೇಳಿದ್ಯಾ? 'ನಾನು ಎತ್ತಿಕೊಂಡ್ರೆ ಸಾಕು ಅವಳ ಮುಖ ಚಿಕ್ಕದಾಗುತ್ತೆ' ಅಂತ ನೀನೇ ಅಂದಿದ್ದೆ. ನೀನೇನು ಕಮ್ಮಿ ಇಲ್ಲ ಬಿಡು. 'ದಿನವೆಲ್ಲ ನನ್ನ ಹತ್ರ ಆಡಿ, ನಿದ್ದೆ ಬಂದ ತಕ್ಷಣ ಅಮ್ಮ ಬೇಕು ಅಂತ ಹೊರಳುತ್ತೆ, ಆಗ ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಗುತ್ತೆ' ಅಂತ ಯಾರು ಅಂದಿದ್ದು? ಇಬ್ರೂ ಒಳ್ಳೆ ಜೋಡಿ ನೀವು. ಹಲೋ? ಇದೀಯಾ?"

"ಅವರು ಒಳಗಿದ್ದಾರೆ" ಎಂದೆ ಕಾರಿನ ಗಾಜಿನ ಮೂಲೆಗೆ. "ನಾನು ಆ ಮುಖ ಚಿಕ್ಕದಾಗೋ ಹುಡುಗಿ."

ಕಾರು ಕೆಮ್ಮಿತು.

"ಅಯ್ಯಯ್ಯೋ. ನೀವು... ಏನೂ ಕೇಳಿಸ್ಕೊಂಡಿಲ್ಲ ಅಲ್ವಾ?"

"ಎಲ್ಲ ಕೇಳಿಸ್ತು ಸಾರ್. ಸ್ಪೀಕರು ಚೆನ್ನಾಗಿ ಕೂರಿಸಿದ್ದಾರೆ."

ಅಷ್ಟರಲ್ಲಿ ಅತ್ತಿಗೆ ಒದ್ದೆ ಕೈಯಲ್ಲೇ ಫೋನು ಹಿಡಿದು "ಹಲೋ, ಹಲೋ, ಏನೂ ಕೇಳ್ತಿಲ್ಲ" ಎನ್ನುತ್ತ ಬಾಗಿಲಿಗೆ ಬಂದರು. ಕಾರನ್ನು ನೋಡಿದರು. ಬೆಳಗುತ್ತಿದ್ದ ಪರದೆಯನ್ನು ನೋಡಿದರು. ಅವರ ಮುಖ ಬಿಳಿಚಿತು.

"ನಾನು ಅಳಿಸಿಲ್ವಾ?" ಎಂದರು. "ನಾನು! ಅಳಿಸದೇ ಬಿಟ್ಟಿದ್ದೀನಾ?"

ಮಾಲೀಕರು ಏನೆಂದರೆಂದು ಕೇಳುವುದಕ್ಕಿಂತ ಮೊದಲು ಅವರನ್ನು ಚುಚ್ಚಿದ್ದು ಅದು. ಯಾವ ಗಿರಾಕಿಯ ಕಾರಿನಲ್ಲೂ ಇಂಥ ತಪ್ಪು ಮಾಡಿದವರಲ್ಲ. ಈ ಕಡೆ ಮಾಲೀಕರು "ಆಮೇಲೆ ಮಾಡ್ತೀನಮ್ಮ" ಎಂದು ಇಟ್ಟೇಬಿಟ್ಟರು.

ಅತ್ತಿಗೆ ಡ್ರೈವರ್ ಸೀಟಿನಲ್ಲಿ ಬಂದು ಕೂತರು. ಕೈಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ಎಷ್ಟು ಕೇಳ್ತು?"

"ಸೀಟ್ ಕವರ್‌ವರೆಗೂ ಕೇಳ್ತು. ಅದರಿಂದಾಚೆಗೂ."

ಅವರು ಸೆರಗಿಗೆ ಕೈ ಒರೆಸಿಕೊಂಡರು. ಗೇರಿನ ಕೋಲಿನ ಮೇಲೆ ಬಿದ್ದ ಹನಿಯನ್ನೂ ಒರೆಸಿದರು. ನನಗೆ ಸುಮ್ಮನಿದ್ದುಬಿಡುವುದೇ ಸುಲಭವಾಗಿತ್ತು. ಆದರೆ ಆ ಸೀಟ್ ಕವರು ನನ್ನನ್ನು ಬಿಡಲಿಲ್ಲ. ಮೂಗು, ಕಿವಿ ನೋಡಿ ಫ್ರೇಮು ಬಗ್ಗಿಸುವ ನನಗೆ ಯಾರಾದರೂ ನೀನು ಇನ್ನು ಮೇಲೆ ಕನ್ನಡಕದ ಡಬ್ಬಿ ಒರೆಸಿಕೊಂಡಿರು ಎಂದರೆ ಹೇಗಾಗುತ್ತದೆಂದು ನನಗೆ ಗೊತ್ತು.

"ಅತ್ತಿಗೆ, ದೊಡ್ಡ ಗಾಡಿ ಬಿಡ್ಬೇಡಿ" ಎಂದೆ. "ನಮ್ಮ ಕನ್ನಡಕದಂಗಡಿಗೆ ಜನ ಬರೋದೇ ಮಧ್ಯಾಹ್ನ ಆದ್ಮೇಲೆ. ಬೆಳಿಗ್ಗೆ ನಾನು ಮನೇಲಿರ್ತೀನಿ. ನೀವು ಗಾಡಿ ಮುಗಿಸಿ ಬನ್ನಿ, ಆಮೇಲೆ ನಾನು ಹೋಗ್ತೀನಿ ಅಂತ ಕೇಳ್ತೀನಿ. ಒಪ್ಪಿದ್ರೆ ಬುಗುರಿ ನಿಮ್ಮ ಹತ್ರ."

"ಒಪ್ಪದಿದ್ರೆ?"

"ಒಪ್ಪಿಸ್ತೀನಿ. ನಮ್ಮಂಗಡಿ ಮಾಲೀಕರ ಸ್ವಂತ ಕನ್ನಡಕದ ಕಾಲು ಸರಿಮಾಡೋಕೂ ನಾನೇ ಬೇಕು, ಬೇರೆಯವರು ಮಾಡಿದ್ರೆ ಮೂಗಿನಿಂದ ಜಾರುತ್ತೆ."

ಅತ್ತಿಗೆ ನಕ್ಕರು. ಅವರು ತಮ್ಮನ ಜೊತೆ ನಗುವ ಅದೇ ನಗು.

"ಒಂದು ಮಾತು" ಎಂದೆ. "ಮಲಗಿಸೋ ಹೊತ್ತಿಗೆ ನಾನು ಬಂದಿರ್ತೀನಿ. ಅದು ನನ್ನದು."

"ಅದನ್ನೂ ನೀನೇ ಇಟ್ಕೋತೀಯಾ?"

"ಇಟ್ಕೋತೀನಿ."

"ಜಿಪುಣಿ" ಎಂದು ಹೇಳಿ ಪರದೆಯ ಕಡೆ ತಿರುಗಿದರು. ಫೋನುಗಳ ಹೆಸರಿರುವ ಕಡೆ ಹೋಗಿ ತಮ್ಮ ಹೆಸರಿನ ಮೇಲೆ ಬೆರಳಿಟ್ಟರು. "ತಾಳು, ಮೊದಲು ಇದನ್ನ ಅಳಿಸ್ತೀನಿ. ಅಂಗಡೀಲಿ ಯಾರಿಗೂ ಹೇಳ್ಬೇಡ, ಮಾನ ಹೋಗುತ್ತೆ."

ಆ ಬೆರಳು ಒತ್ತಿದ್ದರೆ ವಾರವೆಲ್ಲ ನಾನು ಬಯಸಿದ್ದು ಆಗಿಹೋಗುತ್ತಿತ್ತು. ಯಾಕೋ ಅವರ ಮಣಿಕಟ್ಟು ಹಿಡಿದುಕೊಂಡೆ.

"ಇರಲಿ. ಆದ್ರೆ ನನ್ನದು ಮೊದಲು ಬರೋ ಹಾಗೆ ಮಾಡಿ."

ಅತ್ತಿಗೆ ನನ್ನ ಮುಖ ನೋಡಿದರು. ಎಲ್ಲ ಹೆಸರನ್ನೂ ಅಳಿಸಿದರು. ನನ್ನ ಫೋನು ಕೇಳಿ ತೆಗೆದುಕೊಂಡು ಅದನ್ನು ಜೋಡಿಸಿದರು, ಅದರ ಹಿಂದೆ ತಮ್ಮದನ್ನು. ಒಳಗೆ ಸೋಫಾದ ಮೇಲೆ ಗೊರಕೆ ಹೊಡೆಯುತ್ತಿದ್ದ ತಮ್ಮನದನ್ನು ಕೊನೆಗೆ ಸೇರಿಸೋಣ ಎಂದೆವು. ಕೀಲಿ ತಿರುಗಿಸಿ ಮತ್ತೆ ಶುರು ಮಾಡಿದರು. ಪರದೆ ಕಪ್ಪಾಗಿ, ಬೆಳಗಿ, ಒಂದು ಕ್ಷಣ ಯೋಚಿಸಿ, ನನ್ನ ಫೋನಿಗೆ ಬಂತು. ಜೋಗುಳ ಶುರುವಾಯಿತು.

"ಸಾಕಾ?" ಎಂದರು.

ಸಾಕು ಎನ್ನಲು ಬಾಯಿ ತೆರೆದೆ. ಬುಗುರಿ ನನ್ನ ತೊಡೆಯಿಂದ ಎದ್ದು, ಗೇರಿನ ಕೋಲನ್ನು ದಾಟಿ, ಎರಡೂ ಕೈ ಚಾಚಿ "ತ್ತೆ" ಎಂದಳು. ಎದೆಯಲ್ಲಿ ಚುರುಕ್ ಎಂದಿತು, ವಾರದ ಹಿಂದೆ ಎಂದಂತೆಯೇ, ಒಂದು ಎಳೆಯೂ ಕಡಿಮೆಯಾಗದೆ.

ಅವಳ ಕಾಲು ಸಿಕ್ಕಿಕೊಳ್ಳದ ಹಾಗೆ ಎತ್ತಿ, ಅತ್ತಿಗೆಯ ಕೈಗೆ ಕೊಟ್ಟೆ.