ಕಾಗೆ ಮುಟ್ಟದ ಕೇಕು

ಬೆಳಕಿಂಡಿಯ ಮೇಲೆ ನೆರಳು ಹಾಯ್ದರೆ ಅಂಬಾಕಾಕುವಿನ ಕೈ ನಿಂತುಬಿಡುತ್ತಿತ್ತು. ಹೋಳಿಗೆ ಹಂಚಿನ ಮೇಲಿರಲಿ, ಒಗ್ಗರಣೆ ಸಿಡಿಯುತ್ತಿರಲಿ, ಮಾಳಿಗೆಯ ಆ ಕಿಂಡಿಯತ್ತ ತಲೆ ಎತ್ತಿ "ಬಂದ್ಯಾ?" ಎನ್ನುತ್ತಿದ್ದರು. ಮೇಲೆ ಕೂತಿದ್ದು ಬರೀ ಕಾಗೆ. ಹಾಲಿನವನ ಎಮ್ಮೆಗೂ "ಸರೀರಿ" ಎನ್ನುವ ಕಾಕು, ಕಾಗೆಯನ್ನು ಮಾತ್ರ ಮಗನನ್ನು ಕರೆದಂತೆ ಕರೆಯುತ್ತಿದ್ದರು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಮದುವೆಯಾದ ಹೊಸತರಲ್ಲಿ ನನ್ನ ಗಂಡನಿಗೆ ಸವದತ್ತಿಗೆ ವರ್ಗವಾಗಿ, ಕಾಕುವಿನ ಮನೆಯ ಅರ್ಧ ಭಾಗಕ್ಕೆ ಬಾಡಿಗೆಗೆ ಹೋದೆವು. ಚಿಕ್ಕಮ್ಮನೆಂಬ ಅರ್ಥದಲ್ಲಿ ಊರೆಲ್ಲ ಕಾಕು ಎನ್ನುತ್ತಿದ್ದ ಅವರು ವಿಧವೆ, ಮಹಾ ಮಡಿ. ನನ್ನ ಸೆರಗು ಬಾವಿಯ ಹಗ್ಗಕ್ಕೆ ತಾಕಿದರೂ ಮತ್ತೊಮ್ಮೆ ತಲೆಯ ಮೇಲೆ ನೀರು ಸುರಿದುಕೊಳ್ಳುವವರು. ಊರ ಮದುವೆಗಳಲ್ಲಿ ಹೋಳಿಗೆಯ ಕಣಕ ಮಾತ್ರ ಅವರೇ ನಾದಬೇಕು. "ಕೈಗೆ ಬರಲಾರದ್ದು ಯಾವ್ದೂ ಇಲ್ಲವಾ. ಉರಿಗೆ ಸಿಟ್ಟು ಬರಬಾರ್ದು, ಅಷ್ಟ" ಎನ್ನುವುದು ಅವರ ಮಾತು.

ಒಬ್ಬನೇ ಮಗ ರಘು ಪುಣೆಯಲ್ಲಿ ಕೆಲಸಕ್ಕಿದ್ದ. ಒಂದು ದೀಪಾವಳಿಗೆ ತಾಯಿಗೆಂದು ಕೇಕು ತಂದ. "ತತ್ತಿ ಹಾಕ್ಯಾರೇನೋ?" ಎಂದು ಕಾಕು ಕೇಳಿದರು. ಸುಳ್ಳು ಹೇಳಲಾರದ ಹುಡುಗ ನಕ್ಕು, "ಹೂಂ, ಹಾಕ್ಯಾರ. ಒಂದ ಚೂರು ನಾಲಿಗಿ ಮ್ಯಾಲ ಇಟ್ಟು ನೋಡವ್ವಾ" ಎಂದ. ಕಾಕು ಕೇಕನ್ನು ತಿಪ್ಪೆಗೆಸೆದು, ಅವನನ್ನು ಹಿತ್ತಲ ಬಂಡೆಯ ಮೇಲೆ ನಿಲ್ಲಿಸಿ, ನೀರು ಸುರಿದೇ ಒಳಗೆ ಬಿಟ್ಟುಕೊಂಡರು. ಹಬ್ಬ ಮುಗಿಯುವ ಮೊದಲೇ ಅವನು ಹೊರಟುಹೋದ. ಮುಂದೆ ಪುಣೆಯಲ್ಲಿ ಜ್ವರ ಬಂದು ತೀರಿಕೊಂಡ. ಸುದ್ದಿ ತಲುಪುವಷ್ಟರಲ್ಲಿ ಅಲ್ಲಿಯೇ ಎಲ್ಲ ಮುಗಿದಿತ್ತು. ಇದೆಲ್ಲ ನಾವು ಬರುವ ಮೊದಲಿನದು, ಕಾಕು ತಾವೇ ಹೇಳಿದ್ದು.

ಅಂದಿನಿಂದ ಹಿರಿಯರಿಗೆ ಎಡೆ ಇಡುವ ಅಮಾವಾಸ್ಯೆಯಂದು ಅವರು ಮಾಳಿಗೆಯ ಮೇಲೆ ಮಗನಿಗೂ ಒಂದು ಎಲೆ ಬಡಿಸುತ್ತಿದ್ದರು. ಸತ್ತವರ ಆಸೆ ಏನಾದರೂ ಉಳಿದಿದ್ದರೆ ಕಾಗೆ ಮುಟ್ಟುವುದಿಲ್ಲವೆಂದು ನಂಬಿಕೆ. ಕಾಗೆ ಗೋಡೆಯ ಮೇಲೆ ಕೂತು, ಕತ್ತು ಕೊಂಕಿಸಿ ನೋಡಿ, ಹಾರಿಹೋಗುತ್ತಿತ್ತು.

"ವಿಮಲಾ, ನೀ ಬೆಳಗಾವ್ಯಾಗ ಕಲ್ತಾಕಿ. ಕೇಕು ಹ್ಯಾಂಗ ಮಾಡ್ತಾರವಾ?" ಎಂದು ಕಾಕು ನಾವು ಹೋದ ವರ್ಷದ ಅಮಾವಾಸ್ಯೆಗೆ ನನ್ನನ್ನು ಕೇಳಿದರು. ನಾನು ತಿಂದವಳೇ ಹೊರತು ಮಾಡುವುದನ್ನು ನೋಡಿದವಳಲ್ಲ. ಆದರೂ ಜಂಬಕ್ಕೆ ಒಪ್ಪಿಕೊಂಡೆ. ಪಾತೇಲಿಯಲ್ಲಿ ಉಸುಕು ಕಾಯಿಸಿ, ತತ್ತಿಯ ಬದಲು ಮೊಸರು, ಸೋಡಾ ಹಾಕಿ, ಮುಚ್ಚಳದ ಮೇಲೆ ಕೆಂಡ ಹೇರಿದೆವು. ತಳ ಹೊತ್ತಿತು, ನಡುವೆ ಹಸಿ ಹಿಟ್ಟು. "ಇದನ್ನ ತಿಂದ್ರ ಕಾಗಿ ಮತ್ತ ಹಾರಂಗಿಲ್ರಿ ಕಾಕು" ಎಂದು ನಕ್ಕೆ. ಕಾಕು ನಗಲಿಲ್ಲ. ಕಾಗೆಯೂ ಮುಟ್ಟಲಿಲ್ಲ.

ಮರುವರ್ಷ ಅಮಾವಾಸ್ಯೆಯ ಬೆಳಿಗ್ಗೆ ಹಿತ್ತಲಲ್ಲಿ ಮೂರು ಕಲ್ಲಿನ ಒಲೆ ಹೂಡಿ, "ತತ್ತಿ ತರಸವಾ" ಎಂದರು. ತರಿಸಿದೆ, ಒಡೆಯಲು ನನಗೆ ಕೊಡಲಿಲ್ಲ. ಮಗ ನಿಂತಿದ್ದ ಅದೇ ಬಂಡೆಯ ಮೇಲೆ ಕೂತು, ಮೂಗಿಗೆ ಸೆರಗು ಕಟ್ಟಿಕೊಂಡು, ತಾವೇ ಒಡೆದು ಕಲಸಿದರು. ಆಮೇಲೆ ಊದುಗೊಳವೆ ಹಿಡಿದವರು ಕೆಳಗಿಡಲೇ ಇಲ್ಲ. "ಸಾಕ್ರಿ ಕಾಕು, ಹೊತ್ತತದ" ಎಂದರೂ ಕೇಳಲಿಲ್ಲ. ಮುಚ್ಚಳ ತೆಗೆದಾಗ ಕೇಕು ಇದ್ದಲಿಯಾಗಿತ್ತು.

"ಉರಿಗೆ ಸಿಟ್ಟು ಬಂತೇನ್ರಿ?" ಎಂದೆ, ಸಮಾಧಾನಕ್ಕೆ.

"ಉರೀದಲ್ಲವಾ. ಸಿಟ್ಟು ಆವತ್ತೂ ನಂದ, ಇವತ್ತೂ ನಂದ."

ಅದನ್ನೇ ಮಾಳಿಗೆಗೆ ಒಯ್ದು ಎಲೆಗಿಟ್ಟರು. ಬಿಸಿಲು ಇಳಿಯುತ್ತ ಬಂದರೂ ಕಾಗೆ ಬರಲಿಲ್ಲ. ಕಾಕು ಆ ಕರಕಲಿನ ಒಂದು ಚೂರು ಮುರಿದು ತಮ್ಮ ನಾಲಿಗೆಯ ಮೇಲಿಟ್ಟುಕೊಂಡರು. "ನೋಡೋ ರಘು, ಇಟ್ಕೊಂಡೆ. ಇನ್ನರೆ ಬಾರೋ."

ಕೆಳಗಿಳಿದು ಅಡುಗೆಮನೆಯಲ್ಲಿ ಕೂತೆವು. ಬೆಳಕಿಂಡಿಯ ಮೇಲೆ ನೆರಳು ಹಾಯ್ದಿತು. ಮೇಲೆ ಎಲೆ ಸರಿದ ಸಪ್ಪಳ, ಆಮೇಲೆ ಟಕ್ ಟಕ್ ಎಂದು ಕುಕ್ಕುವ ಸಪ್ಪಳ. ನಾನು ಎದ್ದೆ. ನನ್ನ ಸೆರಗಿಗೂ ಹೆದರುತ್ತಿದ್ದ ಕಾಕು ನನ್ನ ಕೈ ಗಟ್ಟಿಯಾಗಿ ಹಿಡಿದರು.

"ಹೋಗಬ್ಯಾಡ. ಉಣ್ಣೋ ಮುಂದ ನೋಡಬಾರ್ದು."

ಮುಂದೆ ನಮಗೆ ರಾಮದುರ್ಗಕ್ಕೆ ವರ್ಗವಾಯಿತು. ಕಾಕು ತೀರಿಕೊಂಡ ಸುದ್ದಿ ಅಲ್ಲಿಗೇ ಬಂತು. ಈಗ ನನ್ನ ಮೊಮ್ಮಗಳು ಚೆಂದದ ಕೇಕು ಮಾಡುತ್ತಾಳೆ. ಆ ಅಮಾವಾಸ್ಯೆ ಬಂದಾಗ ಮಾತ್ರ ಒಂದಿಷ್ಟು ಹೊತ್ತಿಸಿಕೊಡು ಎನ್ನುತ್ತೇನೆ. ಅವಳಿಗೆ ಅಜ್ಜಿಯ ಹುಚ್ಚು ಅರ್ಥವಾಗುವುದಿಲ್ಲ. ಆ ಕರಕಲನ್ನು ತಾರಸಿಯ ಮೇಲೆ ಎಲೆಗಿಟ್ಟು ಕೆಳಗೆ ಬಂದು ಕೂಡುತ್ತೇನೆ. ಸಪ್ಪಳವಾಗುತ್ತದೆ. ಬಂದವರು ಒಬ್ಬರೋ ಇಬ್ಬರೋ, ನೋಡಲು ಹೋಗುವುದಿಲ್ಲ.